ಫಲವು ಸತ್ಯದ ಲಕ್ಷಣವೇ? – ವಿಜ್ಞಾನದಲ್ಲಿ ‘ಸತ್ಯ’ವೆಂಬ ಶಬ್ದದ ಅರ್ಥವಿಚಾರ

ಸತ್ಯವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಸಾಕ್ಷಿ ಹೇಳುವವನು ಸತ್ಯವನ್ನೇ ನುಡಿಯಬೇಕೆಂದು ನ್ಯಾಯಾಲಯವು ವಿಧಿಸುತ್ತದೆ. ಜಗತ್ತು ಸತ್ಯವೆಂದು ನಮ್ಮ ಆಚಾರ್ಯರು ಸಾಧಿಸಿದ್ದಾರೆ. ಭೂಮಿಯು ಸೂರ್ಯನನ್ನು ಸುತ್ತುವುದು ಸತ್ಯವೆಂದು ಶಾಲೆಯ ಪುಸ್ತಕವು ಕಲಿಸುತ್ತದೆ. ಶಬ್ದವು ಒಂದೇ ಆದರೂ ಈ ಮೂರು ಸ್ಥಳಗಳಲ್ಲಿ ಅದರ ಅರ್ಥವೂ ಒಂದೇ ಆಗಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯು ವಿದ್ವಾಂಸರ ವಾಕ್ಯಾರ್ಥಸಭೆಗೆ ಮಾತ್ರ ಸೇರಿದುದಲ್ಲ. ವಿಜ್ಞಾನವನ್ನು ಓದುವ ಮಕ್ಕಳು ಇಂದು ನಮ್ಮ ಮನೆಮನೆಗಳಲ್ಲಿಯೂ ಇದ್ದಾರೆ. “ನಿನ್ನೆ ಸರಿಯೆಂದ ಸಿದ್ಧಾಂತವನ್ನು ಇಂದು ತಪ್ಪೆನ್ನುತ್ತಾರೆ. ಹಾಗಾದರೆ ನಾವು ಇಂದು ಓದುತ್ತಿರುವುದು ಸತ್ಯವೆಂಬುದಕ್ಕೆ ಏನು ಆಧಾರ?” ಎಂದು ಅವರು ಕೇಳುತ್ತಾರೆ. ಹಿರಿಯರಾದವರು ಕೊಡುವ ಉತ್ತರವು ಸಾಮಾನ್ಯವಾಗಿ ಎರಡು ಬಗೆಯದು. “ವಿಜ್ಞಾನವೆಂಬುದು ಬದಲಾಗುತ್ತಲೇ ಇರುವ ಊಹೆ, ಅದಕ್ಕೆ ಸತ್ಯದ ಮಾತೇಕೆ?” ಎನ್ನುವವರು ಕೆಲವರು. “ರಾಕೆಟ್ಟು ಹಾರಿತು, ಔಷಧದಿಂದ ರೋಗ ವಾಸಿಯಾಯಿತು, ಇದಕ್ಕಿಂತ ಬೇರೆ ಸತ್ಯ ಇನ್ನಾವುದು?” ಎನ್ನುವವರು ಮತ್ತೆ ಕೆಲವರು. ಮೇಲುನೋಟಕ್ಕೆ ಈ ಎರಡು ಉತ್ತರಗಳು ಪರಸ್ಪರ ವಿರುದ್ಧವಾಗಿ ತೋರುತ್ತವೆ. ಆದರೆ ವಿಜ್ಞಾನದಲ್ಲಿ ಫಲಕ್ಕಿಂತ ಬೇರೆಯಾದ ಸತ್ಯವೊಂದಿಲ್ಲ ಎಂಬ ಭಾವನೆಯೇ ಎರಡಕ್ಕೂ ಅಡಿಪಾಯವಾಗಿದೆ. ಈ ಅಡಿಪಾಯವು ಗಟ್ಟಿಯಾದುದೇ ಎಂದು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಪಂಚಾಂಗವನ್ನೇ ತೆಗೆದುಕೊಳ್ಳೋಣ. ಸೂರ್ಯಸಿದ್ಧಾಂತವೇ ಮೊದಲಾದ ಜ್ಯೋತಿಷಗ್ರಂಥಗಳು ಭೂಮಿಯನ್ನು ಮಧ್ಯದಲ್ಲಿರಿಸಿ, ಮಂದಪರಿಧಿ ಶೀಘ್ರಪರಿಧಿಗಳೆಂಬ ಚಿಕ್ಕ ವೃತ್ತಗಳ ಸಹಾಯದಿಂದ ಗ್ರಹಗಳ ಸ್ಥಾನವನ್ನು ಗಣಿಸುತ್ತವೆ. ಆ ಗಣಿತದಿಂದ ಗ್ರಹಣಗಳನ್ನು ಮುಂಚಿತವಾಗಿ ತಿಳಿಯಬಹುದು, ಶತಮಾನಗಳ ಕಾಲ ನಮ್ಮ ಹಿರಿಯರು ತಿಳಿದು ಹೇಳಿಯೂ ಇದ್ದಾರೆ. ಸೂರ್ಯಸಿದ್ಧಾಂತದ ಪ್ರಕಾರ ನಾಕ್ಷತ್ರ ಸೌರವರ್ಷದ ಪ್ರಮಾಣ ಸುಮಾರು ೩೬೫.೨೫೮೮ ದಿನಗಳು. ಇಂದಿನ ಅಳತೆಯಂತೆ ಅದು ೩೬೫.೨೫೬೪ ದಿನಗಳು. ಅಂತರವು ವರ್ಷಕ್ಕೆ ಮೂರೂವರೆ ನಿಮಿಷಗಳಷ್ಟು. ದೂರದರ್ಶಕವಿಲ್ಲದ ಕಾಲದಲ್ಲಿ ಇಂತಹ ಸೂಕ್ಷ್ಮತೆಯು ವಿಸ್ಮಯಕರವೇ ಸರಿ. ಹಾಗೆಂದು, ಗ್ರಹಣವು ಹೇಳಿದ ಹೊತ್ತಿಗೆ ಹಿಡಿಯಿತೆಂಬ ಕಾರಣದಿಂದ ಆ ಚಿಕ್ಕ ವೃತ್ತಗಳು ಆಕಾಶದಲ್ಲಿ ನಿಜವಾಗಿಯೂ ಇವೆಯೆಂದು ಸಿದ್ಧವಾಗುತ್ತದೆಯೇ? ಆಗುವುದಿಲ್ಲ. ಗಣಿತವು ಫಲಿಸಿತು. ವಸ್ತುಸ್ಥಿತಿಯಾದರೋ ಬೇರೆಯೇ ಆಗಿತ್ತು.

ಯೂರೋಪಿನಲ್ಲಿಯೂ ಇದೇ ಪ್ರಶ್ನೆ ತಲೆದೋರಿತು. ೧೫೪೩ರಲ್ಲಿ ಕೋಪರ್ನಿಕಸನ ಗ್ರಂಥವು ಅಚ್ಚಾದಾಗ ಅದರ ಆರಂಭದಲ್ಲಿ ಹೆಸರಿಲ್ಲದ ಒಂದು ಮುನ್ನುಡಿ ಸೇರಿತ್ತು. ಜ್ಯೋತಿಷಿಯ ಕಲ್ಪನೆಗಳು ಸತ್ಯವಾಗಿರಬೇಕಾಗಿಲ್ಲ, ಸತ್ಯಕ್ಕೆ ಸಮೀಪವಾಗಿಯೂ ಇರಬೇಕಾಗಿಲ್ಲ, ಕಂಡದ್ದಕ್ಕೆ ಗಣಿತವು ಹೊಂದಿದರೆ ಸಾಕು ಎಂಬುದು ಅದರ ತಾತ್ಪರ್ಯ. ಅದನ್ನು ಬರೆದವನು ಕೋಪರ್ನಿಕಸನಲ್ಲ, ಮುದ್ರಣವನ್ನು ನೋಡಿಕೊಳ್ಳುತ್ತಿದ್ದ ಓಸಿಯಾಂಡರ್ ಎಂಬ ಧರ್ಮಬೋಧಕ. ಈ ಗುಟ್ಟನ್ನು ೧೬೦೯ರಲ್ಲಿ ಕೆಪ್ಲರನು ತನ್ನ ಗ್ರಂಥದಲ್ಲಿ ಬಯಲುಮಾಡಿದನು. ಭೂಮಿಯು ಚಲಿಸುವುದು ಗಣಿತದ ಅನುಕೂಲಕ್ಕಾಗಿ ಮಾಡಿದ ಕಲ್ಪನೆಯಲ್ಲ, ಅದು ಇರುವ ಸಂಗತಿ ಎಂಬುದೇ ಕೋಪರ್ನಿಕಸನ ಅಭಿಪ್ರಾಯವೆಂದು ಕೆಪ್ಲರನು ತಿಳಿಸಿದನು. ಅಂದಿನಿಂದ ಇಂದಿನವರೆಗೂ ವಿಜ್ಞಾನದ ತತ್ತ್ವವಿಚಾರದಲ್ಲಿ ಈ ಎರಡು ಪಕ್ಷಗಳು ಎದುರುಬದುರಾಗಿ ನಿಂತಿವೆ. ಕಂಡದ್ದನ್ನು ಹೊಂದಿಸಿದರೆ ಸಾಕೆನ್ನುವುದು ಒಂದು, ಇರುವುದನ್ನು ಇರುವಂತೆ ತಿಳಿಯಬೇಕೆನ್ನುವುದು ಇನ್ನೊಂದು.

ನಮ್ಮ ದೇಶದ ತಾರ್ಕಿಕರು ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಬೌದ್ಧಾಚಾರ್ಯನಾದ ಧರ್ಮಕೀರ್ತಿಯು ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಕತ್ತಲೆಯಲ್ಲಿ ಒಬ್ಬನು ರತ್ನದ ಕಾಂತಿಯನ್ನು ಕಂಡು, ಆ ಕಾಂತಿಯೇ ರತ್ನವೆಂದು ಭ್ರಮಿಸಿ ಓಡುತ್ತಾನೆ. ಮತ್ತೊಬ್ಬನು ದೀಪದ ಕಾಂತಿಯನ್ನು ಕಂಡು, ಅದೂ ರತ್ನವೆಂದು ಭ್ರಮಿಸಿ ಓಡುತ್ತಾನೆ. ಇಬ್ಬರ ಜ್ಞಾನವೂ ಭ್ರಾಂತಿಯೇ. ಆದರೂ ಮೊದಲನೆಯವನಿಗೆ ರತ್ನವು ದೊರೆಯುತ್ತದೆ, ಎರಡನೆಯವನಿಗೆ ದೊರೆಯುವುದಿಲ್ಲ. ಫಲದಿಂದ ಜ್ಞಾನದ ಬೆಲೆಯನ್ನು ಅಳೆಯುವ ಪಕ್ಷದವನೇ ಈ ದೃಷ್ಟಾಂತವನ್ನು ಕೊಟ್ಟಿರುವುದು ಗಮನಾರ್ಹ. ಆದರೆ ಇದರಿಂದಲೇ ಬೇರೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಭ್ರಾಂತಿಯಿಂದಲೂ ಫಲವು ಲಭಿಸಬಹುದಾದರೆ, ಫಲವು ಲಭಿಸುವುದೇ ಸತ್ಯದ ಲಕ್ಷಣವಾಗಲಾರದು. ಭ್ರಾಂತಿಯಲ್ಲಿಯೂ ಇರುವ ಧರ್ಮವನ್ನು ಯಥಾರ್ಥಜ್ಞಾನದ ಲಕ್ಷಣವೆಂದರೆ ಅತಿವ್ಯಾಪ್ತಿ ದೋಷವು ತಪ್ಪದು.

ಇನ್ನು ವಿಜ್ಞಾನದ ಚರಿತ್ರೆಯಿಂದ ಒಂದು ನಿದರ್ಶನವನ್ನು ವಿಸ್ತಾರವಾಗಿ ನೋಡೋಣ. ೧೭೮೧ರಲ್ಲಿ ವಿಲಿಯಂ ಹರ್ಷಲನು ಯುರೇನಸ್ ಎಂಬ ಗ್ರಹವನ್ನು ಕಂಡುಹಿಡಿದನು. ಕೆಲವು ದಶಕಗಳಲ್ಲಿ ಅದರ ಗತಿಯು ನ್ಯೂಟನ್ನನ ನಿಯಮದಂತೆ ಮಾಡಿದ ಗಣಿತಕ್ಕೆ ಹೊಂದುತ್ತಿಲ್ಲವೆಂದು ಗೊತ್ತಾಯಿತು. ನಿಯಮವೇ ತಪ್ಪೋ, ಅಥವಾ ಕಾಣದ ಮತ್ತೊಂದು ಗ್ರಹವು ಯುರೇನಸನ್ನು ಸೆಳೆಯುತ್ತಿದೆಯೋ? ಫ್ರಾನ್ಸಿನ ಲೆ ವೆರಿಯೆ ಎಂಬ ಗಣಿತಜ್ಞನು ಎರಡನೆಯ ಪಕ್ಷವನ್ನು ಹಿಡಿದು, ಆ ಕಾಣದ ಗ್ರಹವು ಎಲ್ಲಿರಬೇಕೆಂದು ಗಣಿಸಿದನು. ಇಂಗ್ಲೆಂಡಿನಲ್ಲಿ ಆಡಮ್ಸ್ ಎಂಬುವನೂ ಸ್ವತಂತ್ರವಾಗಿ ಇದೇ ಪ್ರಯತ್ನದಲ್ಲಿ ತೊಡಗಿದ್ದನು. ೧೮೪೬ನೆಯ ಸೆಪ್ಟೆಂಬರ್ ೨೩ರಂದು ಲೆ ವೆರಿಯೆಯ ಪತ್ರವು ಬರ್ಲಿನ್ ವೀಕ್ಷಣಾಲಯದ ಗಾಲೆ ಎಂಬ ವಿಜ್ಞಾನಿಯ ಕೈಸೇರಿತು. ಅದೇ ರಾತ್ರಿ ಗಾಲೆಯು ತನ್ನ ಸಹಾಯಕನೊಡನೆ ನಕ್ಷತ್ರಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಹುಡುಕಿದಾಗ, ಹೇಳಿದ ಸ್ಥಾನದಿಂದ ಒಂದು ಅಂಶದೊಳಗೆ, ನಕ್ಷೆಯಲ್ಲಿ ಇಲ್ಲದ ಜ್ಯೋತಿಯೊಂದು ಕಂಡಿತು. ಅದೇ ನೆಪ್ಚೂನ್ ಗ್ರಹ. ಅನುಮಾನಕ್ಕೆ ಪ್ರತ್ಯಕ್ಷವು ಇಷ್ಟು ಶೀಘ್ರವಾಗಿ ಒದಗಿಬಂದ ಪ್ರಸಂಗಗಳು ವಿರಳ.

ಕಥೆಯು ಇಲ್ಲಿಗೇ ಮುಗಿದಿದ್ದರೆ ಫಲವೇ ಸತ್ಯವೆನ್ನುವವರಿಗೆ ಜಯವಾಗುತ್ತಿತ್ತು. ಅದು ಮುಗಿಯಲಿಲ್ಲ. ಬುಧಗ್ರಹವು ಸೂರ್ಯನಿಗೆ ಅತಿ ಸಮೀಪಕ್ಕೆ ಬರುವ ಬಿಂದುವು ಕಾಲಕ್ರಮದಲ್ಲಿ ಸರಿಯುತ್ತ ಹೋಗುತ್ತದೆ. ಇತರ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಆ ಸರಿತದಲ್ಲಿ ಸ್ವಲ್ಪ ಭಾಗವು ಉಳಿಯುತ್ತದೆಂದು ಅದೇ ಲೆ ವೆರಿಯೆಯು ೧೮೫೯ರಲ್ಲಿ ತೋರಿಸಿದನು. ಇಂದಿನ ಲೆಕ್ಕದಂತೆ ಅದು ನೂರು ವರ್ಷಗಳಿಗೆ ೪೩ ವಿಕಲೆಗಳು. ಅರವತ್ತು ವಿಕಲೆಗೆ ಒಂದು ಕಲೆ, ಅರವತ್ತು ಕಲೆಗೆ ಒಂದು ಅಂಶವೆಂಬುದು ಪಂಚಾಂಗವನ್ನು ಬಲ್ಲವರಿಗೆ ತಿಳಿದದ್ದೇ. ಈ ವೇಗದಲ್ಲಿ ಒಂದು ಅಂಶ ಸರಿಯಲು ಎಂಟು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಇಷ್ಟು ಅಲ್ಪವಾದ ಅಂತರವನ್ನು ವಿವರಿಸಲು ಲೆ ವೆರಿಯೆಯು ಹಿಂದಿನ ಯುಕ್ತಿಯನ್ನೇ ಪ್ರಯೋಗಿಸಿದನು. ಬುಧನಿಗಿಂತ ಒಳಗಡೆ ಕಾಣದ ಗ್ರಹವೋ ಗ್ರಹಸಮೂಹವೋ ಇರಬೇಕೆಂದನು.

ಆಶ್ಚರ್ಯವೆಂದರೆ, ಅದನ್ನು ಕಂಡವನೂ ಸಿಕ್ಕಿದನು! ಲೆಸ್ಕಾರ್ಬೊ ಎಂಬ ಗ್ರಾಮೀಣ ವೈದ್ಯನು ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯೊಂದು ಹಾದುಹೋದುದನ್ನು ತಾನು ನೋಡಿದೆನೆಂದು ತಿಳಿಸಿದನು. ಲೆ ವೆರಿಯೆಯು ಸ್ವತಃ ಅವನ ಊರಿಗೆ ಹೋಗಿ ವಿಚಾರಿಸಿ ತೃಪ್ತನಾದನು. ಗ್ರಹಕ್ಕೆ ವಲ್ಕನ್ ಎಂದು ನಾಮಕರಣವಾಯಿತು, ವೈದ್ಯನಿಗೆ ರಾಜಗೌರವವೂ ಸಂದಿತು. ೧೮೭೮ರ ಸೂರ್ಯಗ್ರಹಣದ ಕಾಲದಲ್ಲಿಯೂ ಅಮೆರಿಕದ ಇಬ್ಬರು ವೀಕ್ಷಕರು ಅದನ್ನು ಕಂಡೆವೆಂದರು. ಆದರೆ ಮತ್ತೆ ಮತ್ತೆ ಹುಡುಕಿದರೂ ಅದು ಸಿಕ್ಕಲಿಲ್ಲ, ಏಕೆಂದರೆ ಅಂತಹ ಗ್ರಹವೇ ಇರಲಿಲ್ಲ. ೧೯೧೫ರ ನವೆಂಬರಿನಲ್ಲಿ ಐನ್‌ಸ್ಟೈನನು ಗುರುತ್ವದ ಹೊಸ ಸಿದ್ಧಾಂತದಿಂದ, ಯಾವ ಗುಪ್ತಗ್ರಹದ ಕಲ್ಪನೆಯೂ ಇಲ್ಲದೆ, ಆ ೪೩ ವಿಕಲೆಗಳನ್ನು ನಿಖರವಾಗಿ ಗಣಿಸಿ ತೋರಿಸಿದನು. ಯುರೇನಸಿನ ವಿಷಯದಲ್ಲಿ ಕಾಣದ ಗ್ರಹವಿತ್ತು, ನಿಯಮವು ಸಾಕಾಗಿತ್ತು. ಬುಧನ ವಿಷಯದಲ್ಲಿ ಗ್ರಹವಿರಲಿಲ್ಲ, ನಿಯಮವೇ ಸಾಲದಾಗಿತ್ತು.

ಒಬ್ಬನೇ ಪಂಡಿತ, ಒಂದೇ ನಿಯಮ, ಒಂದೇ ಬಗೆಯ ಯುಕ್ತಿ. ಒಂದೆಡೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದಂತಾಯಿತು. ಇನ್ನೊಂದೆಡೆ ಮಂಜನ್ನು ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದಂತಾಯಿತು. ಇವೆರಡನ್ನೂ ಬೇರ್ಪಡಿಸಿದ್ದು ಯಾವುದು? ಊಹಿಸಿದವನ ಬುದ್ಧಿಶಕ್ತಿಯಲ್ಲ, ಗಣಿತದ ಸೊಗಸಲ್ಲ, ಲೋಕದ ಮನ್ನಣೆಯೂ ಅಲ್ಲ. ಹೊರಗೆ ವಸ್ತುವು ಇತ್ತೇ ಇಲ್ಲವೇ ಎಂಬುದೊಂದೇ.

ಇಲ್ಲಿ ಆಕ್ಷೇಪಗಳು ಏಳುತ್ತವೆ, ಅವು ಸಾಮಾನ್ಯವಾದವುಗಳಲ್ಲ. ೧೯೮೧ರಲ್ಲಿ ಲ್ಯಾರಿ ಲೌಡನ್ ಎಂಬ ಅಮೆರಿಕದ ತತ್ತ್ವಜ್ಞನು ಹೀಗೆ ವಾದಿಸಿದನು: ಹಿಂದೆ ಫಲಿಸಿದ ಸಿದ್ಧಾಂತಗಳಲ್ಲಿ ಎಷ್ಟೋ ಇಂದು ತ್ಯಕ್ತವಾಗಿವೆ. ಬೆಳಕು ಈಥರ್ ಎಂಬ ಸೂಕ್ಷ್ಮದ್ರವ್ಯದಲ್ಲಿ ಏಳುವ ಅಲೆಯೆಂಬ ಮತವು ಬಹುಕಾಲ ಯಶಸ್ವಿಯಾಗಿತ್ತು, ಇಂದು ಈಥರಿಗೆ ಸ್ಥಾನವಿಲ್ಲ. ಆದಕಾರಣ ಇಂದಿನ ಯಶಸ್ಸಿನಿಂದಲೂ ಸತ್ಯವನ್ನು ಊಹಿಸುವಂತಿಲ್ಲ. ಅದರ ಹಿಂದಿನ ವರ್ಷ, ಎಂದರೆ ೧೯೮೦ರಲ್ಲಿ, ವಾನ್ ಫ್ರಾಸೆನ್ ಎಂಬಾತನು ಇನ್ನೊಂದು ಬಗೆಯಲ್ಲಿ ಹೇಳಿದ್ದನು: ಕಣ್ಣಿಗೆ ಕಾಣುವ ಸಂಗತಿಗಳಿಗೆ ಸಿದ್ಧಾಂತವು ಹೊಂದಿದರೆ ವಿಜ್ಞಾನದ ಗುರಿಯು ನೆರವೇರಿತು, ಕಾಣದ ವಸ್ತುಗಳ ವಿಷಯದಲ್ಲಿ ಅದು ಸತ್ಯವೆಂದು ನಂಬಬೇಕಾದ ನಿರ್ಬಂಧವಿಲ್ಲ.

ಇವುಗಳಿಗೆ ಸಮಾಧಾನವೇನು? ಮೊದಲನೆಯದಾಗಿ, ಹಳೆಯ ಮತವು ತಪ್ಪಾಗಿತ್ತು ಎಂದು ಹೇಳುವಾಗಲೇ ನಾವು ಸತ್ಯವನ್ನು ಅಂಗೀಕರಿಸಿದ್ದೇವೆ. ವಸ್ತುವು ಇರುವ ರೀತಿಯೊಂದು ಇಲ್ಲದಿದ್ದರೆ ಯಾವುದಕ್ಕೆ ಹೊಂದದೆ ಅದು ತಪ್ಪಾಯಿತು? ಬದಲಾದುದು ನಮ್ಮ ನಂಬಿಕೆ, ಸತ್ಯವಲ್ಲ. ವಲ್ಕನ್ ಗ್ರಹವು ೧೮೬೦ರಲ್ಲಿ ಇದ್ದು ೧೯೧೫ರಲ್ಲಿ ನಾಶವಾಗಲಿಲ್ಲ, ಅದು ಎಂದೂ ಇರಲೇ ಇಲ್ಲ. ಎರಡನೆಯದಾಗಿ, ಉಪಯೋಗವೇ ಗುರಿಯಾಗಿದ್ದರೆ ನೂರು ವರ್ಷಗಳಿಗೆ ೪೩ ವಿಕಲೆಗಳಷ್ಟು ಅಂತರಕ್ಕಾಗಿ ಐವತ್ತಾರು ವರ್ಷಗಳ ಕಾಲ ವಿದ್ವಾಂಸರು ಏಕೆ ಚಿಂತಿಸಿದರು? ಅದರಿಂದ ಯಾವ ರೈತನ ಬಿತ್ತನೆ ಕೆಡುತ್ತಿತ್ತು, ಯಾವ ನಾವಿಕನ ದಾರಿ ತಪ್ಪುತ್ತಿತ್ತು? ಇರುವುದನ್ನು ಇರುವಂತೆಯೇ ತಿಳಿಯಬೇಕೆಂಬ ಹಠವಿಲ್ಲದೆ ಆ ಪರಿಶ್ರಮಕ್ಕೆ ಅರ್ಥವಿಲ್ಲ. ಆ ಹಠದಿಂದ ಹುಟ್ಟಿದ ಸಿದ್ಧಾಂತವೇ ಮುಂದೆ ಉಪಯೋಗಕ್ಕೂ ಬಂದಿತು. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರವು ಭೂಮಿಯ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು ೩೮ ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ. ಐನ್‌ಸ್ಟೈನನ ಗಣಿತದಿಂದ ಅದನ್ನು ತಿದ್ದದಿದ್ದರೆ ದಾರಿಯೇ ತಪ್ಪುತ್ತದೆ.

ಮೂರನೆಯದಾಗಿ, ಕಾಣದ ವಸ್ತುವನ್ನು ಕಲ್ಪಿಸುವುದೆಲ್ಲವೂ ಒಂದೇ ತರಗತಿಗೆ ಸೇರಿದುದಲ್ಲ. ಪರಮಾಣುಗಳ ವಿಷಯವನ್ನು ನೋಡಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅವು ಲೆಕ್ಕದ ಅನುಕೂಲಕ್ಕಾಗಿ ಮಾಡಿದ ಕಲ್ಪನೆಯೆಂದೇ ಗಣ್ಯ ವಿಜ್ಞಾನಿಗಳು ಕೆಲವರು ಎಣಿಸಿದ್ದರು. ಹದಿನೆಂಟು ಗ್ರಾಂ ನೀರಿನಲ್ಲಿ ಅಣುಗಳೆಷ್ಟು ಎಂಬ ಪ್ರಶ್ನೆಗೆ ಫ್ರಾನ್ಸಿನ ಜಾನ್ ಪೆರಿನ್ ೧೯೧೩ರ ತನ್ನ ಗ್ರಂಥದಲ್ಲಿ ಹದಿಮೂರು ಬಗೆಯ ಉತ್ತರಗಳನ್ನು ಒಟ್ಟುಗೂಡಿಸಿದನು. ದ್ರವದಲ್ಲಿ ತೇಲುವ ಸೂಕ್ಷ್ಮಕಣಗಳ ಅಲೆದಾಟ, ಆಕಾಶದ ನೀಲವರ್ಣ, ವಿಕಿರಣಶೀಲ ಧಾತುಗಳ ಕ್ಷಯ ಮೊದಲಾದ ಪರಸ್ಪರ ಸಂಬಂಧವಿಲ್ಲದ ದಾರಿಗಳಿಂದ ಹೊರಟರೂ ಬಂದ ಸಂಖ್ಯೆಯು ಸುಮಾರಾಗಿ ಒಂದೇ: ಆರರ ಮುಂದೆ ಇಪ್ಪತ್ತಮೂರು ಸೊನ್ನೆಗಳಷ್ಟು. ಪರಸ್ಪರ ಪರಿಚಯವಿಲ್ಲದ ಹದಿಮೂರು ಮಂದಿ ಸಾಕ್ಷಿಗಳು ಒಂದೇ ಸಂಗತಿಯನ್ನು ನುಡಿದರೆ, ಅದು ಕಾಕತಾಳೀಯವೆನ್ನುವುದು ಹೇಗೆ? ಬಹುಕಾಲ ವಿರೋಧಿಸಿದ್ದ ಓಸ್ಟ್ವಾಲ್ಡ್ ಎಂಬ ರಸಾಯನಶಾಸ್ತ್ರಜ್ಞನೂ ೧೯೦೯ರಲ್ಲಿ, ಪೆರಿನ್ನನ ಗ್ರಂಥಕ್ಕಿಂತ ಮುಂಚೆಯೇ, ಇಂತಹ ಪ್ರಯೋಗಗಳಿಗೆ ಮಣಿದು ಪರಮಾಣುಗಳನ್ನು ಒಪ್ಪಿದನು. ವಲ್ಕನ್ನಿಗೆ ಇದ್ದುದು ಒಂದು ಅಂತರ ಮತ್ತು ಸಂದಿಗ್ಧವಾದ ಕೆಲವು ನೋಟಗಳು. ಪರಮಾಣುವಿಗೆ ಇದ್ದುದು ಹಲವು ದಾರಿಗಳ ಸಂವಾದ.

ಹಳೆಯ ಸಿದ್ಧಾಂತವು ಹೋಗುವಾಗ ಸರ್ವಸ್ವವೂ ಹೋಗುವುದಿಲ್ಲವೆಂಬುದೂ ಸ್ಮರಣೀಯ. ಈಥರ್ ಹೋಯಿತು, ಆದರೆ ಅದನ್ನು ನಂಬಿ ಫ್ರೆನೆಲ್ ಎಂಬಾತನು ಪಡೆದ ಬೆಳಕಿನ ಸಮೀಕರಣಗಳು ಉಳಿದವು. ಚಂದ್ರಯಾನದಂತಹ ಪ್ರಯಾಣಗಳ ಪಥವನ್ನು ಗಣಿಸಲು ನ್ಯೂಟನ್ನನ ನಿಯಮವೇ ಇಂದಿಗೂ ಮುಖ್ಯ ಆಧಾರ. ಹಿಂದಿನವರು ಗ್ರಹಿಸಿದ ಅಂಶವು ಹೊಸದರಲ್ಲಿ ಸೇರಿ ನಿಲ್ಲುತ್ತದೆ, ಹೆಚ್ಚಾಗಿ ಕಲ್ಪಿಸಿದ ಅಂಶವು ಕಳಚಿ ಬೀಳುತ್ತದೆ.

ಈಗ ನಮ್ಮ ಶಾಸ್ತ್ರದ ಪರಿಭಾಷೆಯತ್ತ ತಿರುಗೋಣ. ಶ್ರೀಮದಾಚಾರ್ಯರು ಪ್ರಮಾಣಲಕ್ಷಣವೆಂಬ ಪ್ರಕರಣಗ್ರಂಥದಲ್ಲಿ ಯಥಾರ್ಥವಾದುದನ್ನೇ ಪ್ರಮಾಣವೆಂದರು. ವಸ್ತುವನ್ನು ಅದು ಇರುವಂತೆಯೇ ವಿಷಯೀಕರಿಸುವುದು ಎಂಬುದೇ ಅದರ ಅರ್ಥ. ಫಲದ ಮಾತು ಆ ಲಕ್ಷಣದಲ್ಲಿ ಇಲ್ಲ. ಶ್ರೀ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಇದನ್ನು ವಿವರಿಸಿ, ಯಥಾರ್ಥಜ್ಞಾನವನ್ನು ಕೇವಲಪ್ರಮಾಣವೆಂದೂ ಅದಕ್ಕೆ ಸಾಧನಗಳಾದ ಪ್ರತ್ಯಕ್ಷ, ಅನುಮಾನ, ಆಗಮಗಳನ್ನು ಅನುಪ್ರಮಾಣಗಳೆಂದೂ ವಿಂಗಡಿಸುತ್ತಾರೆ. ಈ ಸಾಧನಗಳೆಲ್ಲಕ್ಕೂ ನಿರ್ದೋಷವಾಗಿರಬೇಕೆಂಬ ನಿಯಮವಿದೆ. ವಸ್ತುವಿನ ಅತಿದೂರತೆ, ಅತಿಸೂಕ್ಷ್ಮತೆ, ಇಂದ್ರಿಯದ ರೋಗ ಮೊದಲಾದವು ಪ್ರತ್ಯಕ್ಷವನ್ನು ಕೆಡಿಸುತ್ತವೆ. ವಲ್ಕನ್ನನ್ನು ‘ಕಂಡವರ’ ಪ್ರತ್ಯಕ್ಷವು ಹೀಗೆ ದುಷ್ಟವಾದುದು, ಅದನ್ನು ಕಾಣಬೇಕೆಂಬ ಬಯಕೆಯೂ ಅದಕ್ಕೆ ಸೇರಿಕೊಂಡಿರಬಹುದು. ವಿಜ್ಞಾನಿಯು ಉಪಕರಣದ ತಪ್ಪನ್ನು ಹುಡುಕುವುದು, ಪ್ರಯೋಗವನ್ನು ಬೇರೆಯವರಿಂದ ಮತ್ತೆ ಮಾಡಿಸುವುದು, ಇವೆಲ್ಲವೂ ದೋಷವನ್ನು ನಿವಾರಿಸುವ ಉಪಾಯಗಳೇ ಹೊರತು ಬೇರೆಯಲ್ಲ.

ಪ್ರವೃತ್ತಿಯು ಸಫಲವಾದುದರಿಂದ ಜ್ಞಾನದ ಪ್ರಾಮಾಣ್ಯವನ್ನು ತಿಳಿಯಬಹುದೆಂದು ನೈಯಾಯಿಕರು ಹೇಳುತ್ತಾರೆ. ಆದರೆ ಅವರೂ ಫಲವನ್ನು ಪ್ರಾಮಾಣ್ಯದ ಗುರುತೆಂದರೇ ಹೊರತು ಸ್ವರೂಪವೆನ್ನಲಿಲ್ಲ. ನಮ್ಮ ಮತದಲ್ಲಿ ಜ್ಞಾನದ ಯಾಥಾರ್ಥ್ಯವನ್ನು ಸಾಕ್ಷಿಯೇ ಗ್ರಹಿಸುತ್ತದೆ. ಸಂಶಯವು ಬಂದಲ್ಲಿ ಅದನ್ನು ಕಳೆಯಲು ಪರೀಕ್ಷೆ ಬೇಕು. ಒಂದು ಪರೀಕ್ಷೆಗೆ ಮತ್ತೊಂದು, ಅದಕ್ಕೆ ಇನ್ನೊಂದು ಎಂದು ಹೋದರೆ ಅನವಸ್ಥೆಯಾಗುತ್ತದೆ. ಎಲ್ಲಿಯೋ ಒಂದೆಡೆ, ಕಂಡದ್ದು ಕಂಡಿತು ಎಂದು ನಿಲ್ಲಲೇಬೇಕು. ನಕ್ಷೆಯಲ್ಲಿ ಇಲ್ಲದ ಜ್ಯೋತಿಯು ಆಕಾಶದಲ್ಲಿ ಇದೆಯೆಂದು ಬರ್ಲಿನ್ನಿನಲ್ಲಿ ನಿಶ್ಚಯಿಸಿದಾಗ ಆದುದೂ ಇದೇ.

ಇದರಿಂದ ನಮ್ಮ ಮನೆಗಳ ಮಟ್ಟಿಗೆ ಒದಗುವ ಕರ್ತವ್ಯವೊಂದಿದೆ. ವಿಜ್ಞಾನವು ಅಹಿತವಾದ ಸಂಗತಿಯನ್ನು ಹೇಳಿದಾಗ, “ಅದು ವ್ಯವಹಾರಕ್ಕೆ ಮಾತ್ರ ಸತ್ಯ” ಎಂದು ತಳ್ಳಿಹಾಕುವ ಸೌಕರ್ಯವು ನಮಗಿಲ್ಲ. ಸತ್ಯಕ್ಕೆ ಎರಡು ಅಂತಸ್ತುಗಳನ್ನು ಒಪ್ಪದೆ, ಜಗತ್ತು ವಾಸ್ತವವಾಗಿಯೇ ಸತ್ಯವೆಂದು ಸಾರುವ ತತ್ತ್ವವಾದದ ಅನುಯಾಯಿಗಳು ನಾವು. ನಿರ್ದೋಷವಾದ ಪ್ರತ್ಯಕ್ಷ ಮತ್ತು ಅನುಮಾನಗಳಿಂದ ಸಿದ್ಧವಾದುದನ್ನು ಅದರ ಕ್ಷೇತ್ರದಲ್ಲಿ ಸತ್ಯವೆಂದೇ ಒಪ್ಪಬೇಕು. ಆಗಮದ ಮುಖ್ಯ ಕ್ಷೇತ್ರವು ಅತೀಂದ್ರಿಯವಾದುದು, ದೂರದರ್ಶಕವು ಹೇಳಬೇಕಾದುದನ್ನು ಅದರಿಂದ ಹೇಳಿಸಲು ಯತ್ನಿಸುವುದು ಆಗಮಕ್ಕೂ ಗೌರವವಲ್ಲ. ಹಾಗೆಯೇ, ಕಾಣುವ ವಸ್ತುಗಳಲ್ಲಿ ಜಯ ಪಡೆದ ವಿಜ್ಞಾನವು ಕಾಣದುದೆಲ್ಲವೂ ಇಲ್ಲವೆಂದರೆ ಅದೂ ತನ್ನ ಎಲ್ಲೆಯನ್ನು ದಾಟಿದಂತೆಯೇ.

ಈ ಪ್ರಾಮಾಣಿಕತೆಗೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಯಿದೆ. ಮದರಾಸು ವೀಕ್ಷಣಾಲಯದಲ್ಲಿ ಸೇವೆಯಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಸಾಂಪ್ರದಾಯಿಕ ಜ್ಯೋತಿಷವನ್ನೂ ಪಾಶ್ಚಾತ್ಯ ಗಣಿತವನ್ನೂ ಬಲ್ಲವರು. ೧೮೭೪ರ ಡಿಸೆಂಬರ್ ೯ರಂದು ಶುಕ್ರನು ಸೂರ್ಯಬಿಂಬವನ್ನು ಹಾದುಹೋಗುವುದನ್ನು ಜನರಿಗೆ ತಿಳಿಸಲು ಅವರು ರಚಿಸಿದ ಪುಸ್ತಿಕೆಯು ಕನ್ನಡದಲ್ಲಿಯೂ ಪ್ರಕಟವಾಯಿತು. ಪಂಚಾಂಗದ ಗಣಿತವು ಆಕಾಶದಲ್ಲಿ ಕಾಣುವುದಕ್ಕೆ ಹೊಂದಬೇಕು, ಹೊಂದದಿದ್ದರೆ ತಿದ್ದಿಕೊಳ್ಳಬೇಕೆಂಬುದು ಅವರ ನಿಲುವಾಗಿತ್ತು. ವರ್ಷಕ್ಕೆ ಮೂರೂವರೆ ನಿಮಿಷವು ಅಲ್ಪವೆಂದು ತೋರಬಹುದು, ಆದರೆ ನಾಲ್ಕುನೂರು ಚಿಲ್ಲರೆ ವರ್ಷಗಳಲ್ಲಿ ಅದು ಒಂದು ದಿನವಾಗುತ್ತದೆ. ಭಾರತ ಸರ್ಕಾರವು ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿದುದಕ್ಕೂ ಇಂತಹ ಅಂತರಗಳೇ ಒಂದು ಕಾರಣ. ಧರ್ಮಾಚರಣೆಗೆ ಯಾವ ಗಣಿತವನ್ನು ಅನುಸರಿಸಬೇಕೆಂಬುದು ಆಯಾ ಪೀಠಗಳ ನಿರ್ಣಯಕ್ಕೆ ಸೇರಿದ ವಿಷಯ. ಆದರೆ ಗ್ರಹವು ಎಲ್ಲಿದೆಯೆಂಬ ಪ್ರಶ್ನೆಗೆ ಗ್ರಹವಿರುವ ಸ್ಥಾನವೇ ಉತ್ತರ.

ಆದುದರಿಂದ ಮಕ್ಕಳು ಕೇಳಿದಾಗ ನಾವು ಹೇಳಬೇಕಾದುದು ಇಷ್ಟು. ಸತ್ಯವೆಂದರೆ ವಸ್ತುವು ಇರುವಂತೆ ತಿಳಿಯುವುದು, ಅದು ಬದಲಾಗುವುದಿಲ್ಲ. ನಮ್ಮ ನಿಶ್ಚಯವು ಬದಲಾಗಬಹುದು, ಏಕೆಂದರೆ ನಮ್ಮ ಸಾಧನಗಳಲ್ಲಿ ದೋಷಗಳು ಉಳಿದಿರಬಹುದು. ಫಲವು ಸತ್ಯಕ್ಕೆ ಗುರುತು, ಸತ್ಯವೇ ಅಲ್ಲ. ಗುರುತುಗಳು ಹೆಚ್ಚಿದಷ್ಟೂ ನಿಶ್ಚಯವು ದೃಢವಾಗುತ್ತದೆ. ಕಂಡದ್ದನ್ನು ಕಂಡಿತೆಂದೂ, ಊಹಿಸಿದ್ದನ್ನು ಊಹೆಯೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರ್ಪಡಿಸಿ ನುಡಿಯುವುದು ವಿಜ್ಞಾನಿಗೆ ಶಿಸ್ತು, ಗೃಹಸ್ಥನಿಗೆ ವ್ರತ. ನಮಗೆ ಅನುಕೂಲವಾದ ಸುದ್ದಿಯನ್ನು ಅದು ಅನುಕೂಲವೆಂಬ ಒಂದೇ ಕಾರಣಕ್ಕೆ ನಿಜವೆಂದು ಹರಡುವಾತನು, ಆ ಸುದ್ದಿಯು ಆಕಸ್ಮಿಕವಾಗಿ ನಿಜವಾಗಿದ್ದರೂ, ಸತ್ಯವನ್ನು ನುಡಿದವನಾಗುವುದಿಲ್ಲ. ರತ್ನವು ಸಿಕ್ಕಿದರೂ ಅವನು ಹಿಡಿಯಹೊರಟದ್ದು ಕಾಂತಿಯನ್ನೇ.